ಎಲೆ ಡಾಕ್ಟ್ರ ಹೆಂಡತಿಯ ಪರೀಕ್ಷೆ

ಪಿರಿಯಾಪಟ್ಟಣ
೮ ಏಪ್ರಿಲ್ ೨೦೨೫, ಮಂಗಳವಾರ

ಸರಗೂರಿನ ಸುಂದ್ರಕ್ಕನಿಗೆ ನೀಲಾಂಬಿಕೆಯ ಶರಣು.

ನಾವೆಲ್ಲಾ ಕ್ಷೇಮ ಅಂತ ಬರೆದು, ಓದಿಕೊಂಡು, ಹಾಳೆ ಹರಿದುಹಾಕಿದೆ. ಇನ್ನೊಂದು ಹಾಳೆ ತಗೊಂಡು ಮತ್ತೆ ಅದನ್ನೇ ಬರೆದೆ, ಅದನ್ನೂ ಹರಿದೆ. ಅದಕ್ಕೇ ಇದರಲ್ಲಿ ಆ ಮಾತೇ ಇಲ್ಲ. ಯುಗಾದಿಗೆ ನೀನು ಕಳಿಸಿದ ಸೀರೆ ಬಂದು ಮುಟ್ಟಿತು. ಮುಟ್ಟಿತು ಅಂತ ಒಂದು ಮಾತೂ ಹೇಳದೆ ಇಷ್ಟು ದಿನ ಸುಮ್ಮನಿದ್ದೆ, ಬೈಕೋಬೇಡ. ಬಣ್ಣ ಚೆನ್ನಾಗಿದೆ. ಇನ್ನೂ ಉಟ್ಟಿಲ್ಲ.

ಫೋನ್ ಬಿಟ್ಟು ಇವಳು ಯಾಕೆ ಕಾಗದ ಬರೆದಳು ಅಂತೀಯ. ನಿನ್ನ ಕಿವಿ ಕಥೆ ನಿನಗೇ ಗೊತ್ತು. ಇಲ್ಲಿಂದ ಕೂಗಿದರೆ ನಿನಗೆ ಅರ್ಧ ಕೇಳುತ್ತೆ, ನಮ್ಮ ಬೀದಿಗೆ ಪೂರ್ತಿ ಕೇಳುತ್ತೆ. ಅದೂ ಅಲ್ಲದೆ ನಮ್ಮ ಯಜಮಾನ್ರು ಪಕ್ಕದಲ್ಲೇ ಕೂತಿರ್ತಾರೆ. ಇವರ ವಿಷಯವನ್ನ ಇವರ ಎದುರಿಗೇ ಕೂಗಿ ಹೇಳೋಕಾಗುತ್ತಾ? ಓದಿ ಆದಮೇಲೆ ಇದನ್ನ ಒಲೆಗೆ ಹಾಕು. ನಿನ್ನ ಸೊಸೆ ಕೈಗೆ ಸಿಕ್ಕಿದರೆ ಸರಗೂರಿನ ಬಸ್ ಸ್ಟ್ಯಾಂಡಿಗೆ ಸಿಕ್ಕಿದಂಗೆ.

ಅಕ್ಕಾ, ನಾನು ಸ್ಕೂಲಿಗೆ ಹೋಗ್ತಿದ್ದೀನಿ. ನಗು, ಪರವಾಗಿಲ್ಲ. ಭಾನುವಾರ ಫೋನ್ ಎತ್ತಲ್ಲ, ದೊಡ್ಡ ಮನುಷ್ಯಳಾಗಿಬಿಟ್ಟಿದ್ದೀಯ ಅಂತ ಒಂದು ವರ್ಷದಿಂದ ಬೈತಿದ್ದೀಯಲ್ಲ, ಇದಕ್ಕೇ ಕಣೇ. ಬೀಜ, ಗೊಬ್ಬರ, ಔಷಧಿ ಮಾರೋ ಅಂಗಡಿಯವರಿಗೆ ಒಂದು ಡಿಪ್ಲೊಮಾ ಇದೆ. ವಾರಕ್ಕೊಂದು ದಿನ ಕ್ಲಾಸು. ಅದು ಪಾಸಾದರೆ ಅಂಗಡಿ ಲೈಸೆನ್ಸು ನನ್ನ ಹೆಸರಿಗೆ ಮಾಡಿಸಬಹುದು. ನಲವತ್ತೆಂಟನೇ ವಯಸ್ಸಲ್ಲಿ ಬುತ್ತಿ ಕಟ್ಟಿಕೊಂಡು, ಇವರನ್ನ ಎದುರುಮನೆ ಕೆಂಪಾಜಮ್ಮನ ಜಗಲಿ ಮೇಲೆ ಕೂರಿಸಿ, ಹುಣಸೂರಿನ ಬಸ್ಸು ಹತ್ತುತ್ತೀನಿ. ಎಸ್ಸೆಲ್ಸಿಯನ್ನೇ ಎರಡನೇ ಸಲಕ್ಕೆ ಪಾಸು ಮಾಡಿದವಳು ನಾನು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನೀನು ಆವಾಗಲೇ ಅಂದಿದ್ದೆ. ಬಗ್ಗಿದ್ದೀನಿ ಅಕ್ಕಾ. ಸೊಂಟ ಮುರಿಯೋ ಹಾಗೆ ಬಗ್ಗಿದ್ದೀನಿ.

ಯಾಕೆ ಅಂತ ಹೇಳ್ತೀನಿ. 

ಇವರ ಕೆಲಸ ನೀನು ನೋಡಿದ್ದೀಯ. ರೈತರು ರೋಗ ಬಂದ ಎಲೆಯನ್ನ ಕವರಲ್ಲೋ ಟವಲ್ ತುದಿಯಲ್ಲೋ ಕಟ್ಟಿಕೊಂಡು ಬರ್ತಾರೆ. ಇವರು ಅದನ್ನ ಗಲ್ಲಾ ಮೇಲೆ ಇಟ್ಟು, ಧೂಳು ಒರೆಸಿ, ಬೆಳಕಿಗೆ ಹಿಡಿದು, ಅಡಿಮೇಲು ಮಾಡಿ, ಮೂಸಿ ನೋಡಿ ಆಮೇಲೆ ಔಷಧಿಗೆ ಕೈ ಹಾಕೋದು. ಕಾಂತರಾಜ್ ಅನ್ನೋ ಹೆಸರು ಲೈಸೆನ್ಸಲ್ಲಿ ಮಾತ್ರ ಇದೆ, ಊರಿಗೆಲ್ಲ ಇವರು ಎಲೆ ಡಾಕ್ಟ್ರು. ಹೋದ ವರ್ಷ ಮಾರ್ಚಲ್ಲಿ ನಮ್ಮ ಹಳೇ ಗಿರಾಕಿ ಚಿಕ್ಕಣ್ಣ ಹೊಗೆಸೊಪ್ಪಿನ ಸಸಿ ತಂದಿದ್ದ. ಸಸಿಮಡಿಗೆ ಕೊಳೆರೋಗ ಬಂದಿತ್ತು. ಇವರು ನೋಡಿ ಕೊಳೆ ಅಂತ ಸರಿಯಾಗೇ ಹೇಳಿದರು. ಹೇಳಿ, ಹಿಂದಕ್ಕೆ ತಿರುಗಿ, ಬಾಟ್ಲಿ ತೆಗೆದು, ಅವನು ತಂದಿದ್ದ ಖಾಲಿ ಸೀಸೆಗೆ ಬೇಕಾದಷ್ಟು ಸುರಿದುಕೊಟ್ಟರು. ಇವರು ಯಾವತ್ತೂ ಲೇಬಲ್ ಓದೋರಲ್ಲ, ಯಾವುದು ಎಲ್ಲಿದೆ ಅಂತ ಇವರ ಕೈಗೇ ಗೊತ್ತಿತ್ತು. ಆದರೆ ಇವರ ಕೈ ಹೋಗಿದ್ದು ಹಳೇ ಜಾಗಕ್ಕೆ. ಗೋಡೆಗೆ ಬಣ್ಣ ಬಳಿಸಿದಾಗ ಅಲ್ಲಿದ್ದ ಔಷಧಿಯನ್ನ ನಾವೇ ಆಚೆ ಗೂಡಿಗೆ ಇಟ್ಟು, ಅಲ್ಲಿಗೆ ಕಳೆ ಸಾಯಿಸೋ ಔಷಧಿ ಇಟ್ಟಿದ್ದೆವು. ಇವರೇ ಇಟ್ಟಿದ್ದು.

ಚಿಕ್ಕಣ್ಣ ವಾರದೊಳಗೆ ಬಂದ. ಇವರು ಊಟಕ್ಕೆ ಹೋಗಿದ್ದರು. ಬಂದವನು ಕೂಗಾಡಲಿಲ್ಲ, ಮೂಟೆ ಮೇಲೆ ಕೂತುಕೊಂಡ. "ಮಡಿ ಪೂರಾ ಬೆಂದೋಯ್ತು ಕಣವ್ವ" ಅಂದ. ಸೀಸೆ ತಂದಿದ್ದ, ಬಿರಡೆ ತೆಗೆದು ಮೂಸಿದರೆ ಕಳೆ ಔಷಧಿ ಅಂತ ಗೊತ್ತಾಯ್ತು. "ಬುಡವ್ವ, ಅಳಬ್ಯಾಡಿ. ನಾನು ಜಗಳಕ್ ಬಂದಿಲ್ಲ. ಅಣ್ಣಾವ್ರು ಎಷ್ಟೋ ವರ್ಸ ನಮ್ ಒಲ ಉಳಿಸವ್ರೆ. ಆದ್ರೆ ಇನ್ಮ್ಯಾಕೆ ಬಾಟ್ಲಿ ನೀವೇ ಕೊಡಿ, ಅವರ್ ಕೈಲಿ ಕೊಡುಸ್ಬ್ಯಾಡಿ" ಅಂದ. ಅವನಿಗೆ ಬೇರೆ ಕಡೆಯಿಂದ ಸಸಿ ಹೊಂದಿಸಿಕೊಟ್ಟೆ. ಸಂಜೆ ಇವರನ್ನ ಕೇಳಿದೆ. "ಚಿಕ್ಕಣ್ಣನಾ? ಅವನು ಈ ವರ್ಷ ಬಂದೇ ಇಲ್ಲವಲ್ಲೇ" ಅಂದರು.

ಮೈಸೂರಿಗೆ ಕರ್ಕೊಂಡು ಹೋಗಿ ತೋರಿಸಿದೆ. ಮರೆವಿನ ಕಾಯಿಲೆಯಂತೆ. ಹೋಗಿದ್ದು ವಾಪಸ್ ಬರಲ್ಲ, ಹೋಗೋದನ್ನ ನಿಧಾನ ಮಾಡೋಕೆ ಮಾತ್ರೆ ಇದೆ ಅಂದರು ಡಾಕ್ಟ್ರು. ಐವತ್ತೆಂಟಕ್ಕೇ ಬರುತ್ತಾ ಸ್ವಾಮಿ ಅಂತ ಕೇಳಿದೆ. ಬರುತ್ತಮ್ಮ ಅಂದರು.

ಮೊದಲನೇ ಕ್ಲಾಸಲ್ಲೇ ನನ್ನ ಎದೆ ಒಡೆದಿತ್ತು. ಪಾಠ ಮಾಡೋ ರಮ್ಯ ಮೇಡಂ ನಮ್ಮ ಮಗಳು ಶೃತಿಗಿಂತ ಚಿಕ್ಕವರು. ಡಬ್ಬದ ಮೇಲಿನ ತ್ರಿಕೋನ ತೋರಿಸಿ, ಕೆಂಪು ಇದ್ದರೆ ಎಲ್ಲಕ್ಕಿಂತ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು ಅಂತ ಹೇಳಿಕೊಟ್ಟರು. ಅಕ್ಕಾ, ಆ ಕೆಂಪು ಡಬ್ಬಗಳ ಪಕ್ಕದಲ್ಲೇ ಇಷ್ಟು ವರ್ಷ ಊಟದ ಕ್ಯಾರಿಯರ್ ಇಟ್ಟಿದ್ದೀನಿ. ಇವತ್ತು ಸಸಿ ಸುಟ್ಟಿತು, ನಾಳೆ ಇವರ ಕೈ ಇನ್ನಾವ ಜಾಗಕ್ಕೆ ಹೋಗುತ್ತೋ, ಯಾರ ಮನೆಗೆ ಏನು ಸುರಿದುಕೊಡ್ತಾರೋ. ಅವತ್ತಿಂದ ಯಾರಾದರೂ ಅಂಗಡಿ ಮೆಟ್ಟಿಲು ಹತ್ತಿದರೆ ಸಾಕು, ಓಡಿಬಂದು ಗಲ್ಲಾ ಹತ್ತಿರ ನಿಲ್ತೀನಿ. ಕಳೆ ಔಷಧಿ, ಕೆಂಪು ಡಬ್ಬ ಎಲ್ಲಾ ಹಿಂದಿನ ಕೋಣೇಲಿಟ್ಟು ಬೀಗ ಹಾಕಿದ್ದೀನಿ, ಬೀಗದ ಕೈ ತಾಳಿ ಜೊತೆ ಕಟ್ಟಿಕೊಂಡಿದ್ದೀನಿ. ಇವರು ಹುಡುಕ್ತಾರೆ. ಕಂಪನಿಯವರು ವಾಪಸ್ ತಗೊಂಡರು ಅಂತ ಸುಳ್ಳು ಹೇಳ್ತೀನಿ. ಈ ಡಿಪ್ಲೊಮಾನೂ ಹಾಗೇ. ಹೊಸ ರೂಲು, ಮನೆಯಿಂದ ಒಬ್ಬರು ಹೋಗಲೇಬೇಕು, ಬಸ್ಸಲ್ಲಿ ಓಡಾಡೋದು ನಿಮಗ್ಯಾಕೆ, ನಾನು ಹೋಗ್ತೀನಿ ಅಂದೆ. ಪಾಪ, ನಂಬಿದರು. ನಂಬಿದ್ದಲ್ಲದೆ ನನಗೆ ಮೇಷ್ಟ್ರೂ ಆಗಿಬಿಟ್ಟರು.

ದಿನಾ ಸಂಜೆ ದೀಪ ಹಚ್ಚಿ, ವಿಭೂತಿ ಇಟ್ಟುಕೊಂಡು, ಗಲ್ಲಾ ಮೇಲೆ ಎಲೆ ಹರಡ್ತಾರೆ. ಶುಂಠಿ, ಜೋಳ, ಭತ್ತ, ಹೊಗೆಸೊಪ್ಪು, ಯಾವುದು ಸಿಕ್ಕಿದರೆ ಅದು. ನಾನು ಬಾಯಿ ತೆಗೆದ ತಕ್ಷಣ, "ಅವಸರ ಮಾಡಬೇಡ ಕಣೇ, ಎಲೆ ಎಲ್ಲಿಗೂ ಓಡಿಹೋಗಲ್ಲ. ಮೊದಲು ಇದು ರೋಗವೇ ಹೌದಾ ಕೇಳ್ಕೋ. ಹಳದಿಯಾಗಿದ್ದೆಲ್ಲ ರೋಗ ಅಲ್ಲ" ಅಂತಾರೆ. ಬೆಳಿಗ್ಗೆ ತಿಂದಿದ್ದು ಉಪ್ಪಿಟ್ಟೋ ರೊಟ್ಟಿಯೋ ನೆನಪಿರಲ್ಲ, ಎಲೆ ಮಾತ್ರ ನೆನಪಿದೆ. ಆ ಒಂದು ಗಂಟೆ ನನಗೆ ನನ್ನ ಗಂಡ ಸಿಗ್ತಾರೆ. ಆ ಗಂಟೆ ಮುಗಿಯೋದು ಅಂದರೆ ನನಗೆ ಭಯ.

ಇದೇ ಇಪ್ಪತ್ತೇಳಕ್ಕೆ ಪರೀಕ್ಷೆ. ಬರೆಯೋದೂ ಇದೆ, ಎದುರಿಗೆ ಎಲೆ ಇಟ್ಟು ಕೇಳೋದೂ ಇದೆ. ಕೊಪ್ಪದಲ್ಲಿ ಬೀಜದ ಅಂಗಡಿ ಇಟ್ಟಿರೋ ಶಶಿಕುಮಾರ್ ಅಂತ ನನ್ನ ಪಕ್ಕ ಕೂರ್ತಾನೆ. "ಆಂಟಿ, ನೀವು ಫೇಲಾದರೆ ನಿಮ್ಮೆಜಮಾನ್ರು ಮನೆಯಿಂದ ಆಚೆ ಹಾಕ್ತಾರಾ, ಯಾಕಿಷ್ಟು ಹೆದರ್ತೀರ" ಅಂತ ಚುಡಾಯಿಸ್ತಾನೆ. ಏನು ಹೇಳಲಿ ಅವನಿಗೆ? ನಾನು ಫೇಲಾದರೆ ಇವರು ಗಲ್ಲಾ ಮೇಲೆ ಕೂತೇ ಇರ್ತಾರೆ, ಅದೇ ಭಯ ಅಂತ ಹೇಳೋಕಾಗುತ್ತಾ? ಪುಸ್ತಕ ತೆರೆದರೆ ಅಕ್ಷರವೆಲ್ಲ ಇರುವೆ ಸಾಲಿನಂಗೆ ಹರಿಯುತ್ತೆ. ನೀನು ದೇವರ ಮುಂದೆ ನನ್ನ ಹೆಸರು ಹೇಳಿ ಒಂದು ದೀಪ ಹಚ್ಚು.

ನಿನ್ನ ತಂಗಿ,
ನೀಲಾಂಬಿಕೆ

ತಾ.ಕ.: ಶೃತಿಗೆ ಈಗ ಐದು ತಿಂಗಳು, ಅವಳಿಗೆ ಏನೂ ಹೇಳಬೇಡ. ಹೆರಿಗೆಗೆ ಇಲ್ಲಿಗೇ ಬರೋಳು. ಅಷ್ಟರಲ್ಲಿ ಇವರು ಹೇಗಿರ್ತಾರೋ ಅಂತ ಅದೊಂದು ಚಿಂತೆ ಬೇರೆ.


ಪಿರಿಯಾಪಟ್ಟಣ
೨೧ ಮೇ ೨೦೨೫, ಬುಧವಾರ

ಸುಂದ್ರಕ್ಕನಿಗೆ ಶರಣು.

ನಿನ್ನ ಕಾಗದ ಬಂದು ಎಷ್ಟು ದಿನವಾಯ್ತೋ, ಉತ್ತರ ಬರೆಯೋಕೆ ಈಗ ಪುರುಸೊತ್ತಾಯ್ತು. ಹೊಗೆಸೊಪ್ಪು ನಾಟಿ ಶುರುವಾಗಿದೆ, ಅಂಗಡೀಲಿ ಕಾಲಿಡೋಕೆ ಜಾಗ ಇಲ್ಲ. ಕಾಗದದಲ್ಲಿ ನಿನ್ನ ಕಣ್ಣೀರು ಬಿದ್ದು ಎರಡು ಸಾಲು ಅಳಿಸಿಹೋಗಿತ್ತು. ಅಳಿಸಿದ ಸಾಲೇ ಚೆನ್ನಾಗಿ ಅರ್ಥವಾಯ್ತು ಬಿಡು.

ಅಂಗಡಿ ಮುಚ್ಚಿಬಿಡು, ನೆಮ್ಮದಿಯಾಗಿ ಮನೇಲಿರು ಅಂತ ಬರೆದಿದ್ದೀಯ. ಯೋಚನೆ ಮಾಡದೆ ಇದ್ದೀನಾ? ಮುಚ್ಚಿದರೆ ಇವರು ಬೆಳಿಗ್ಗೆ ಎದ್ದು ಸ್ನಾನ ಮಾಡಿ ಎಲ್ಲಿಗೆ ಹೋಗ್ತಾರೆ? ಎಲೆ ಯಾರು ತಂದುಕೊಡ್ತಾರೆ? ಹಬ್ಬಕ್ಕೆ ಅಂತ ಮುಚ್ಚಿದ ದಿನ ಮಧ್ಯಾಹ್ನದವರೆಗೆ ಚಪ್ಪಲಿ ಹಾಕೋದು, ಬಿಚ್ಚೋದು ಇದೇ ಮಾಡ್ತಿದ್ದರು. ಅಂಗಡಿ ಇರಬೇಕು, ಇವರು ಅಲ್ಲಿ ಕೂರಬೇಕು, ಬಾಟ್ಲಿ ಮಾತ್ರ ನನ್ನ ಕೈಯಲ್ಲಿರಬೇಕು. ಅದಕ್ಕೇ ಓದಿದ್ದು.

ಪರೀಕ್ಷೆ ದಿನದ ಕಥೆ ಕೇಳು. ಬಸ್ಸಲ್ಲೇ ವಾಂತಿ ಮಾಡಿಕೊಂಡೆ. ಕಂಡಕ್ಟರ್ ನಿಂಬೆಹಣ್ಣು ಕೊಟ್ಟು, "ಯಾವ ಆಸ್ಪತ್ರೆಗಮ್ಮ" ಅಂದ. ಪರೀಕ್ಷೆಗಪ್ಪ ಅಂದೆ. ಮಗಳದ್ದಾ ಅಂದ. ಹೂಂ ಅಂದುಬಿಟ್ಟೆ. ಬರೆಯೋದು ಹೇಗೋ ಆಯ್ತು. ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದರು. ಹೊರಗಿನಿಂದ ಬಂದಿದ್ದ ಸಾಹೇಬರು ತಟ್ಟೇಲಿ ಒಂದು ಜೋಳದ ಎಲೆ ಇಟ್ಟು ಏನು ಕೊಡ್ತೀರಮ್ಮ ಅಂದರು. ಪಟ್ಟೆ ಪಟ್ಟೆ ಬೆಳ್ಳಗಾಗಿತ್ತು. ಅಕ್ಕಾ, ತಲೇಲಿ ಒಂದು ಅಕ್ಷರ ಇರಲಿಲ್ಲ. ಓದಿದ್ದೆಲ್ಲ ಯಾರೋ ಒರೆಸಿ ಹಾಕಿದಂಗೆ. ಮರೆವು ಅಂದರೆ ಇದೇನಾ, ಇವರಿಗೆ ದಿನವೆಲ್ಲ ಹೀಗೇ ಆಗುತ್ತಾ ಅನ್ನಿಸಿಬಿಟ್ಟಿತು. ಸಾಹೇಬರು ನೀರು ಕುಡೀರಿ ಅಂದರು. ಕುಡಿಯಲಿಲ್ಲ. ಎಲೆ ಎಲ್ಲಿಗೂ ಓಡಿಹೋಗಲ್ಲ ಕಣೇ ಅಂತ ಇವರು ಅಂದಿದ್ದು ಕೇಳಿಸ್ತು. ಸೆರಗಲ್ಲಿ ಎಲೆ ಒರೆಸಿದೆ, ಕಿಟಕಿ ಬೆಳಕಿಗೆ ಹಿಡಿದೆ, ಅಡಿಮೇಲು ಮಾಡಿದೆ, ಮೂಸಿದೆ. ಸಾಹೇಬರಿಗೆ ನಗು. "ಇದಕ್ಕೆ ಔಷಧಿ ಬೇಡ ಸಾರ್, ರೋಗ ಅಲ್ಲ. ಮಣ್ಣಲ್ಲಿ ಸತು ಕಮ್ಮಿಯಾಗಿದೆ" ಅಂದೆ. "ಈ ಥರ ನೋಡೋದು ಯಾರು ಹೇಳಿಕೊಟ್ಟರಮ್ಮ" ಅಂದರು. ನಮ್ಮ ಯಜಮಾನ್ರು ಅಂದೆ.

ಮೊನ್ನೆ ರಿಸಲ್ಟ್ ಬಂತು, ಪಾಸು. ಶಶಿಕುಮಾರ್ ಫೋನ್ ಮಾಡಿ, "ಆಂಟಿ, ನಮ್ಮ ಬ್ಯಾಚಿಗೆ ನೀವೇ ಹಿರೇರು, ಪಾರ್ಟಿ ಕೊಡಿ" ಅಂದ. ಲೈಸೆನ್ಸಿಗೆ ಅರ್ಜಿ ಹಾಕಿದ್ದೀನಿ. ಇನ್ಮೇಲೆ ಯಾರಿಗೂ ಲೇಬಲ್ ಇಲ್ಲದ ಸೀಸೇಲಿ ಸುರಿದುಕೊಡಲ್ಲ. ಈ ಮನೆ ಬಾಗಿಲಿಂದ ತಪ್ಪು ಬಾಟ್ಲಿ ಹೋಗಲ್ಲ ಅಂತ ಒಂದು ಧೈರ್ಯ ಬಂದಿದೆ. ನೀನು ಹಚ್ಚಿದ ದೀಪದ ಪುಣ್ಯವೋ ಏನೋ. ನಿನ್ನ ಕಿವಿಗೆ ಮೆಷಿನ್ ಹಾಕಿಸ್ಕೋ ಅಂದರೆ ಕೇಳಲ್ಲ ನೀನು. ಮೊಮ್ಮಗನಿಗೆ ನನ್ನ ಮುತ್ತು ಕೊಡು. ನೀವೆಲ್ಲಾ ತಣ್ಣಗಿರಿ, ನಿನ್ನ ಮನೆ ದೀಪ ಸದಾ ಉರೀಲಿ.

ನಿನ್ನ ತಂಗಿ,
ನೀಲಾಂಬಿಕೆ

ತಾ.ಕ.: ಇದನ್ನ ಬರೀಬಾರದು ಅಂತಲೇ ಮೇಲೆ ಸಹಿ ಹಾಕಿದ್ದೆ. ರಿಸಲ್ಟ್ ಬಂದ ದಿನ ನೀನು ಕಳಿಸಿದ ಸೀರೆ ಉಟ್ಟು ಅಂಗಡಿಗೆ ಹೋದೆ. ಸಾಲಿಗ್ರಾಮದ ಕಡೆಯವರು ಒಬ್ಬರು ಭತ್ತದ ಪೈರು ತಂದಿದ್ದರು. ಇವರು ಪಕ್ಕದಲ್ಲೇ ಕೂತಿದ್ದರು, ನಾನೇ ನೋಡಿ ಹೇಳಿದೆ. ಅವರು ಹೋದಮೇಲೆ ಇವರು ನನ್ನ ಮುಖ ನೋಡಿ, "ಚೆನ್ನಾಗಿ ನೋಡ್ತೀರಮ್ಮ ಎಲೇನ. ಯಾರು ಹೇಳಿಕೊಟ್ಟಿದ್ದು?" ಅಂದರು. ತಮಾಷೆ ಮಾಡ್ತಾರೆ ಅಂದ್ಕೊಂಡು, ನಗ್ತಾ, ನಮ್ಮ ಯಜಮಾನ್ರು ಅಂದೆ. "ಹೌದಾ? ಯಾವೂರಮ್ಮ ಅವರದು? ತಿಳಿದೋರೇ ಇರಬೇಕು. ಒಂದ್ಸಲ ಅಂಗಡಿ ಕಡೆಗೆ ಕರ್ಕೊಂಡು ಬನ್ನಿ, ಮಾತಾಡೋಣ" ಅಂದರು. ಮುಖದಲ್ಲಿ ನಗು ಎಲ್ಲಾದರೂ ಇದೆಯಾ ಅಂತ ಹುಡುಕಿದೆ. ಇರಲಿಲ್ಲ. ಆಯ್ತು, ಕರ್ಕೊಂಡು ಬರ್ತೀನಿ ಅಂದೆ. ಎಲ್ಲಿಂದ ಕರ್ಕೊಂಡು ಬರ್ಲಿ ಅಕ್ಕಾ?