ಪಥ್ಯ ತಪ್ಪಿದ್ದಕ್ಕಲ್ಲ, ಮಂಜು

ತಮ್ಮ ಮಂಜುವಿಗೆ, ಶಿವಮೊಗ್ಗದಿಂದ ನಿನ್ನ ಅಕ್ಕ ಮಾಡುವ ಆಶೀರ್ವಾದಗಳು.

ಅಲ್ಲಿ ಅಪ್ಪ ಹೇಗಿದ್ದಾರೆ? ಅವರ ಉಬ್ಬಸ ಈಗಲಾದರೂ ನಿಂತಿದೆಯಾ? ಅವ್ವ ಆರಾಮವಾ? ಗಿರಿಜತ್ತೆ ಅಲ್ಲೂ ಎಲ್ಲರನ್ನೂ ಬೈದುಕೊಂಡೇ ಇದ್ದಾಳಾ? ಇಲ್ಲಿ ನಿನ್ನ ಮಗಳು ಚೈತ್ರ ಮತ್ತೆ ಶಂಕರಘಟ್ಟದ ಬಸ್ಸು ಹಿಡಿದು ಓದಲು ಹೋಗುತ್ತಿದ್ದಾಳೆ. ನಿನ್ನ ಹೆಂಡತಿ ರತ್ನ... ಅವಳಿಗಾಗಿಯೇ ಈ ಕಾಗದ.

ನಿನ್ನ ಕಣ್ಣು ಹಳದಿಯಾದದ್ದನ್ನು ಮೊದಲು ಕಂಡವನು ನಿಮ್ಮ ಭದ್ರಾವತಿಯ ಓಲ್ಡ್ ಟೌನಿನ ಟೀ ಅಂಗಡಿಯ ರಫೀಕ್. “ಏನ್ ಮಾರಾಯ, ಅರಿಶಿನ ಹಚ್ಕೊಂಡು ಎರಡನೇ ಮದುವೆಗೆ ಹೊರಟ್ಯಾ?” ಅಂದನಂತೆ. ನೀನೇ ಫೋನಿನಲ್ಲಿ ಹೇಳಿ ನಕ್ಕಿದ್ದೆ. ಕಾಮಾಲೆ ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟೆವು. ನಮ್ಮ ಕಡೆ ಕಾಮಾಲೆಗೆ ಯಾರು ಆಸ್ಪತ್ರೆಗೆ ಹೋಗುತ್ತಾರೆ ಹೇಳು? ಹಳ್ಳಿಯ ಅಜ್ಜಿಯೊಬ್ಬರು ಬೇರು ಅರೆದು ಕೊಟ್ಟರು. ಎಣ್ಣೆ, ಉಪ್ಪು, ಒಗ್ಗರಣೆ ಕೂಡದೆಂದರು. ನಿನಗೆ ವಾಸನೆ ಬಂದು ಆಸೆಯಾಗಬಾರದೆಂದು ರತ್ನ, ಚೈತ್ರ ಕೂಡ ಸಪ್ಪೆ ಉಂಡರು.

ಆ ಭಾನುವಾರ ಪಕ್ಕದ ಮನೆಯಿಂದ ಹುರಿದ ಬಂಗುಡೆ ಮೀನು ಬಂತು. ನಾನೂ ಅಲ್ಲೇ ಇದ್ದೆ. “ಒಂದೇ ಒಂದು ತುಂಡು ಕೊಡೆ ಮಾರಾಯ್ತಿ, ನಾಲಿಗೆ ಸತ್ತೇ ಹೋಗಿದೆ” ಎಂದು ರತ್ನಳ ಹತ್ತಿರ ಗೋಗರೆದೆ ನೀನು. ಕೊಟ್ಟಳು. ಮುಳ್ಳನ್ನೂ ಬಿಡದೆ ಚೀಪಿದೆ. ಇನ್ನೊಂದು ಕೇಳಿದಾಗ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮರುದಿನವೇ ನಿನಗೆ ಹೊಟ್ಟೆನೋವು, ಅದು ಬೆನ್ನಿಗೂ ಹಾಯಿತು.

ಶಿವಮೊಗ್ಗಕ್ಕೆ ಕರೆತಂದು ಸ್ಕ್ಯಾನ್ ಮಾಡಿಸಿದರೆ ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ. ದಿನಸಿ ಕಟ್ಟಿದ ಕಾಗದ ಬಿಡಿಸಿ ಓದು ಕಲಿತ ನನಗೆ ಆ ಹೆಸರೇ ಹೊಸದು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. “ಕ್ಯಾನ್ಸರು. ಅದರಲ್ಲೂ ಅಪರೂಪದ ಜಾತಿ, ತುಂಬಾ ಬೇಗ ಹರಡುತ್ತೆ. ಈಗಾಗ್ಲೇ ಲಿವರಿಗೂ ಹೋಗಿದೆ” ಎಂದರು ಡಾಕ್ಟರಮ್ಮ. ನೀನು ಗೋಡೆಯ ಕಡೆ ತಿರುಗಿ, “ಅಕ್ಕಾ, ರತ್ನಂಗೆ ನೀನೇ ಹೇಳು” ಎಂದೆ. ಹೇಗೆ ಹೇಳಿದೆನೋ...

ನಿನ್ನ ತಿಥಿಗೆ ಬಂದ ಯಾರೋ, “ಪಥ್ಯ ಕೆಡಿಸಿದ್ಲಂತಲ್ಲ” ಅಂದುಬಿಟ್ಟರು. ಮೀನು ಕೊಟ್ಟು ತಾನೇ ನಿನ್ನನ್ನು ಕೊಂದೆ ಎಂದು ರತ್ನ ನಂಬಿ ಕೂತಳು. ಅಂದಿನಿಂದ ಅವಳ ಒಲೆಯ ಮೇಲೆ ಒಗ್ಗರಣೆ ಸಿಡಿದಿಲ್ಲ. ನಾನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಕಳೆದ ವಾರ ಅದೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ.

ಅವರು ಚಿತ್ರ ಬರೆದು ತೋರಿಸಿದರು. “ಗಡ್ಡೆ ಪಿತ್ತದ ನಾಳ ಒತ್ತಿದ್ದಕ್ಕೇ ಮೈ ಹಳದಿಯಾಗಿದ್ದು. ಮೀನಿಗೂ ಅದಕ್ಕೂ ಸಂಬಂಧ ಇಲ್ಲಮ್ಮ. ಪಥ್ಯ ಮಾಡಿದ್ರೂ ಅಷ್ಟೇ, ಬಿಟ್ರೂ ಅಷ್ಟೇ.”

ರತ್ನ ಆ ಚಿತ್ರವನ್ನು ತನ್ನ ಕಡೆಗೆ ಎಳೆದುಕೊಂಡಳು. “ಹಂಗಾದ್ರೆ ಇನ್ನೊಂದು ತುಂಡು ಕೊಡಬೋದಿತ್ತಾ, ಮೇಡಂ?”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಕೊಡಬೋದಿತ್ತು” ಎಂದರು.

ಬಸ್ಸು ಭದ್ರಾವತಿ ಮುಟ್ಟುವವರೆಗೂ ಅತ್ತಳು. ಕೊಂದೆನೆಂಬ ಭಾರ ಇಳಿಯಿತು ಮಂಜು, ಕೊಡಲಿಲ್ಲವಲ್ಲ ಎಂಬುದು ಹತ್ತಿಕೊಂಡಿತು. ಇದಕ್ಕೆ ಡಾಕ್ಟರಮ್ಮ ಏನು ಮಾಡಿಯಾರು? ನನ್ನ ಮಾತೂ ಸಾಲದು. ಕೊಟ್ಟ ಆ ಒಂದು ತುಂಡು ರುಚಿಯಾಗಿತ್ತು ಎಂದು ನೀನೇ ಅವಳಿಗೆ ಎರಡು ಸಾಲು ಬರೆ. ಕನಸಿನಲ್ಲಾದರೂ ಸರಿ. ನನಗೆ ಬರೆಯದಿದ್ದರೆ ಬೇಸರವಿಲ್ಲ, ಅವಳಿಗೆ ಮಾತ್ರ ತಡಮಾಡಬೇಡ.