ಮಗ್ಗಕ್ಕೆ ಕಟ್ಟಿದ ಬಿಳಿ ಕಲ್ಲು

ಡೋಣಿ, ಸೋಮವಾರ

ಬೆಟಗೇರಿಯ ಅಜ್ಜನಿಗೆ ಅಂಕಿತಾಳ ನಮಸ್ಕಾರ.

ತೊಡೆಯ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ನೋಡಿ ಬೈಯಬೇಡ. ಕಲ್ಲುಗಳ ಪಾಠಕ್ಕೆಂದು ಕಾಲೇಜಿನಿಂದ ಬಂದ ನಮಗೆ ಕಪ್ಪತಗುಡ್ಡದ ಹಸಿರು ಬಂಡೆಯಲ್ಲಿ ಸೀರೆಯ ಅಂಚಿನಷ್ಟು ಅಗಲದ ಬಿಳಿ ಕಲ್ಲಿನ ಪಟ್ಟಿ ಸಿಕ್ಕಿತು. ಅದರ ಚೂರನ್ನು ಕುಟ್ಟಿ ತೊಳೆದರೆ ಬೋಗುಣಿಯ ತಳದಲ್ಲಿ ಸಾಸಿವೆಗಿಂತ ಸಣ್ಣ ಬಂಗಾರದ ಕಣ!

"ಭೂಮಿ ಒಳಗ ಈ ಬಂಡೆ ಬೆಂದು, ಒತ್ತಡಕ್ಕ ಸೀಳಿದಾಗ ಕುದಿನೀರು ಬಂಗಾರ ಹೊತ್ಕೊಂಡು ಮ್ಯಾಲೆ ಬಂದೈತಿ. ಸೀಳಿನೊಳಗ ನೀರು ಆರಿದಂಗ ಬಿಳಿ ಕಲ್ಲು, ಬಂಗಾರ ಎರಡೂ ಅಲ್ಲೇ ಉಳದಾವ" ಎಂದರು ನಮ್ಮ ಕಾಲೇಜಿನ ಸರ್.

ಮೊಣಕಾಲು ತರಚಿದೆ, ಉಳಿದಂತೆ ಆರಾಮ.

ಅಜ್ಜಾ, ಹಾಸಿನ ನೂಲು ಬಿಗಿಯಾಗಲೆಂದು ನೀನು ಮಗ್ಗಕ್ಕೆ ತೂಗುಹಾಕಿದ್ದು ಇಲ್ಲಿಂದಲೇ ಒಯ್ದ ಇಂಥದೇ ಕಲ್ಲು. ನೇಯುವುದು ಬಿಟ್ಟು ಮಗ್ಗದ ಕೆಳಗೆ ಕಾಲಿಡುವ ಕುಣಿ ಮುಚ್ಚುವಾಗ ಅದನ್ನು ಒಳಗೆ ಹಾಕಬೇಡ. ಬಂಗಾರದ ಜರಿ ಕೊಳ್ಳಲಾಗದೆ ನಲವತ್ತು ವರ್ಷ ನೀನು ಬರೀ ಹತ್ತಿ ಸೀರೆ ನೇಯ್ದದ್ದು ಆ ಕಲ್ಲಿನ ಭಾರದಲ್ಲೇ!