ಘಾಟು ಹತ್ತದವನ ತನಿಖೆ

ಬ್ಯಾಡಗಿ,
ತಾ. ೭-೨-೧೯೮೯, ಮಂಗಳವಾರ

ಪ್ರೀತಿಯ ಅಮ್ಮಾ,

ನಿನ್ನ ಮಗಳು ಮುಮ್ತಾಜಬಿಯ ಸಲಾಂ. ಐರಣಿಯಲ್ಲಿ ಹೊಳೆಯ ಗಾಳಿ ನಿನಗೆ ಒಗ್ಗಿತೇ? ಮೊಣಕಾಲು ನೋವು ಹೆಂಗ ಐತಿ? ರಾತ್ರಿ ನಿದ್ದೆ ಬರುತ್ತದೋ ಇಲ್ಲವೋ? ಮಾಮಿ ಮಾಡಿದ ಸಾರಿಗೆ ಉಪ್ಪು ಸಾಲದು ಎಂದು ಅವಳ ಮುಂದೆಯೇ ಹೇಳಿಲ್ಲ ತಾನೆ? ಯೂಸುಫ ಮಾಮುಗೆ ನನ್ನ ಸಲಾಂ ತಿಳಿಸು. ಈ ಪತ್ರವನ್ನು ನಿನಗೆ ಓದಿ ಹೇಳುತ್ತಿರುವ ಮಾಮುವಿನ ಮಗಳು ಜಾಹೀದಾಗೆ ಒಂದು ಸರಕಾರಿ ಸೂಚನೆ: ನಡುವೆ ನಗಬಾರದು, ಸಾಲು ಹಾರಿಸಬಾರದು. ಇದು ತನಿಖಾ ವರದಿ. ತನಿಖಾಧಿಕಾರಿ ನಾನು. ಆರೋಪಿ ನಿನ್ನ ಮಗ, ನನ್ನ ಅಣ್ಣ, ಶ್ರೀಮಾನ್ ಬಾಬಾಜಾನ, ಬಿ.ಕಾಂ.

ನೀನು ಸಿಟ್ಟಿನಿಂದ ಗಂಟು ಕಟ್ಟಿಕೊಂಡು ಬಸ್ಸು ಹತ್ತಿ ಮೂರು ವಾರವಾಯಿತು. ಹತ್ತುವಾಗ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ: "ಒಂಬತ್ತು ವರ್ಷ ಲೆಕ್ಕ ಬರದಾಂವ ಸುಗ್ಗಿ ನಡುವ ಕುರ್ಚಿ ಬಿಟ್ಟು ಬರತಾನಂದರ ಎಲ್ಲೋ ಕೈ ಕೆಟ್ಟೈತಿ. ಖರೇ ಹೇಳೋತನಕ ಈ ಮನ್ಯಾಗ ತುತ್ತು ಎತ್ತಂಗಿಲ್ಲ." ಓಣಿಯಲ್ಲಿಯೂ ಅದೇ ಮಾತು. ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕಪತ್ರದವನು ಫೆಬ್ರವರಿಯೊಳಗೆ ಮನೆಯಲ್ಲಿ ಕುಳಿತನೆಂದರೆ ಸಾಹುಕಾರನೇ ಹೊರಗೆ ಹಾಕಿರಬೇಕು ಎಂದು ನಳದ ಹತ್ತಿರ ಕೊಡಗಳಿಗಿಂತ ಮೊದಲು ಈ ಸುದ್ದಿಯೇ ತುಂಬುತ್ತದೆ. ಭಾಯಿಯನ್ನು ಕೇಳಿದರೆ "ಹೊಸಾ ಧಂದೆ ಮಾಡಾಕತ್ತೇನಿ" ಎನ್ನುತ್ತಾನೆ. ಎಂಥ ಧಂದೆ ಎಂದರೆ, "ಆದ ಮ್ಯಾಲ ನೋಡ್ತೀಯಲ್ಲ." ಇಂಥವನನ್ನು ಸಂಶಯಪಡದೆ ಯಾರನ್ನು ಪಡಲಿ, ನೀನೇ ಹೇಳು.

ಮೊದಲ ಸಾಕ್ಷಿ ಅವನ ಅಂಗಿಯ ಕಿಸೆಯಲ್ಲೇ ಸಿಕ್ಕಿತು. ಸಣ್ಣದೊಂದು ವಹಿ. ಅದರಲ್ಲಿ ಬರೀ ಹೆಂಗಸರ ಹೆಸರು, ಹೆಸರಿನ ಮುಂದೆ ಇಂಚಿನ ಲೆಕ್ಕ. ಗುಡ್ಡವ್ವ ನಾಲ್ಕೂವರಿ. ಚೌಡವ್ವ ಐದು. ನಮ್ಮ ಮಗ್ಗಲು ಮನೆಯ ಕರೆವ್ವ ದೊಡ್ಡವ್ವ ಐದೂಕಾಲು. ಯಾ ಅಲ್ಲಾ, ಮದುವೆಯಾಗದ ಗಂಡಸಿನ ಕಿಸೆಯಲ್ಲಿ ಅಜ್ಜಿಯಂದಿರ ಅಳತೆ! ನಾನು ಮೂರು ದಿನ ಗಂಭೀರವಾಗಿ ಚಿಂತೆ ಮಾಡಿದೆ, ಯಾವ ಅಂಗದ ಅಳತೆ ಇಷ್ಟು ಸಣ್ಣದಿರುತ್ತದೆ ಎಂದು.

ಎರಡನೆಯದು, ಪ್ರತಿ ಬುಧವಾರದ ರಾಣೆಬೆನ್ನೂರು ಪ್ರಯಾಣ. ಓಣಿಯಲ್ಲಿ ಬೇಡಿ ತಂದ ಬುರ್ಖಾ ಹಾಕಿಕೊಂಡು ನಾನೂ ಅದೇ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕುಳಿತೆ. ಪೊಲೀಸರಿಗೂ ಬಾರದ ವೇಷ ಎಂದು ಹೆಮ್ಮೆಪಡುತ್ತಿರುವಾಗಲೇ ಕಂಡಕ್ಟರ್ ಬಂದು, "ಅವ್ವಾ, ನಿಮ್ಮ ಟಿಕೀಟ ಮುಂದಿನವರು ತಗದಾರ. ಉಂಗುಟ ಹರದ ಚಪ್ಪಲಿ ಯಾರ ಹಾಕ್ಯಾರೋ ಅವರು ನಮ್ಮವರು ಅಂದಾರ" ಎಂದ. ಭಾಯಿ ಹಿಂತಿರುಗಿ ಸಹ ನೋಡಲಿಲ್ಲ. ಅವಮಾನ ನುಂಗಿಕೊಂಡು ಬೆನ್ನು ಹತ್ತಿದೆ. ಅವನು ಹೋದದ್ದು ಆಸ್ಪತ್ರೆಗೆ ಬಟ್ಟೆ ಹೊಲಿಯುವ ಒಬ್ಬ ದರ್ಜಿಯ ಅಂಗಡಿಗೆ. ನರ್ಸುಗಳು ಮೂಗಿಗೆ ಕಟ್ಟುವ ಬಟ್ಟೆಯನ್ನು ತಿರುವಿ ಮುರುವಿ ನೋಡಿ, ಎರಡು ಪದರು ಸಾಲದು, ನಾಲ್ಕು ಬೇಕು ಎಂದು ವಾದ ಮಾಡುತ್ತಿದ್ದ. ಇವನಿಗೇ ಏನಾದರೂ ರೋಗವೋ, ನಮ್ಮಿಂದ ಮುಚ್ಚಿಡುತ್ತಿದ್ದಾನೋ ಎಂದು ಬರುವಾಗ ಬಸ್ಸಿನಲ್ಲಿ ಬುರ್ಖಾದೊಳಗೆ ಸ್ವಲ್ಪ ಅತ್ತೆ. ಇದು ವರದಿಯಲ್ಲಿ ಸೇರುವುದಿಲ್ಲ.

ಕಳ್ಳತನದ ಮಾತು ಮುಗಿಸಿಬಿಡೋಣವೆಂದು ಗುರುವಾರ ಪರಮೇಶಪ್ಪ ಸಾಹುಕಾರರ ಅಂಗಡಿಗೇ ಹೋದೆ. ನಮ್ಮಣ್ಣ ಏನು ತಪ್ಪು ಮಾಡಿದ ಎಂದು ನೇರವಾಗಿ ಕೇಳಿದೆ. ಅವರು ಕನ್ನಡಕ ತೆಗೆದು, "ತಂಗೀ, ಅವನ ಲೆಕ್ಕದಾಗ ಒಂದು ಪೈಸೆ ಫರಕ ಇದ್ದರ ನಾನ ಕೊಳ್ಳಪಟ್ಟಿ ಹಿಡದು ಹೊರಗ ಹಾಕತಿದ್ನಿ. ಇಲ್ಲಂತನ ಆ ಕುರ್ಚಿ ಇನ್ನಾ ಖಾಲಿ ಇಟ್ಟೇನಿ. ತಲಿ ಕೆಟ್ಟೈತಿ ಅವಗ, ಕೈ ಕೆಟ್ಟಿಲ್ಲ" ಎಂದರು. ಅಮ್ಮಾ, ಈ ಮಾತನ್ನು ಜಾಹೀದಾ ಎರಡು ಸಲ ಓದಲಿ, ಮಾಮಿಗೂ ಕೇಳುವಂತೆ.

ಇನ್ನು ಮುಖ್ಯ ಘಟನೆ. ಇದರಲ್ಲಿ ತನಿಖಾಧಿಕಾರಿಯ ತಪ್ಪೂ ಇದೆ, ಅದನ್ನೂ ಬರೆಯುತ್ತೇನೆ. ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಬಂದ ಭಾಯಿ ಅಡಿಗೆಮನೆಯ ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಮೆಣಸಿನಕಾಯಿ ಸುಡುವ ಘಾಟು. ಒಂದೆರಡಲ್ಲ, ಮುಷ್ಟಿಗಟ್ಟಲೆ ಒಲೆಗೆ ಹಾಕಿದ್ದ. ನಾನು ಅಂಗಳದಲ್ಲಿ, ಕರೆವ್ವ ದೊಡ್ಡವ್ವ ತನ್ನ ಕಟ್ಟೆಯ ಮೇಲೆ, ಓಣಿಯ ನಾಯಿ ಬಾಗಿಲಲ್ಲಿ, ಎಲ್ಲರಿಗೂ ಕೆಮ್ಮು. ಒಳಗಿನಿಂದ ಮಾತ್ರ ಸದ್ದಿಲ್ಲ. ದೊಡ್ಡವ್ವ ಮೂಗಿಗೆ ಸೆರಗು ಹಿಡಿದು ಕಿಟಕಿಯಲ್ಲಿ ಇಣುಕಿದಳು. ಇವನು ನಮ್ಮ ಕಡೆ ಬೆನ್ನು ಮಾಡಿ, ಹೊಗೆಯ ನಡುವೆ ಆರಾಮಾಗಿ ಕುಂತು ವಹಿಯಲ್ಲಿ ಏನೋ ಬರೆಯುತ್ತಿದ್ದ. ನಿನಗೆ ಗೊತ್ತಲ್ಲ, ದೃಷ್ಟಿ ತೆಗೆದು ಮೆಣಸಿನಕಾಯಿ ಒಲೆಗೆ ಹಾಕಿದಾಗ ಘಾಟು ಹತ್ತದಿದ್ದರೆ ದೃಷ್ಟಿ ಜೋರು ತಾಗಿದೆ ಎಂದು ಅರ್ಥ. ದೊಡ್ಡವ್ವ ಎದೆ ಬಡಿದುಕೊಂಡಳು: "ನಾಯಿ ಸೈತ ಕೆಮ್ಮಾಕತ್ತೈತಿ, ಇವಗೊಬ್ಬಗ ಘಾಟ ಹತ್ತವಲ್ದಲ್ಲವಾ! ಇದು ದೃಷ್ಟಿ ಅಲ್ಲ, ದೊಡ್ಡದ ಏನೋ ಹೊಕ್ಕೈತಿ!" ಆಗ ನಾನು ಸುಮ್ಮನಿರಬೇಕಿತ್ತು. ನನ್ನ ಹಾಳು ನಾಲಿಗೆ ಸುಮ್ಮನಿರಲಿಲ್ಲ. ಮುಖ ಗಂಟು ಹಾಕಿಕೊಂಡು, "ಮೂರು ದಿನಾ ಆತು ದೊಡ್ಡವ್ವ, ಅಮಾಸಿ ಮುಂದ ಹಿಂಗ ಆಗತೈತಿ" ಎಂದೆ. ಅವಳು ಬಾಗಿಲು ದೂಡಿ ಒಂದು ಕೊಡ ನೀರು ಒಲೆಯ ಮೇಲೂ ಭಾಯಿಯ ಮೇಲೂ ಸುರಿದಳು. ಅವನು ತಿರುಗಿದ. ಮೂಗು, ಬಾಯಿ, ಗದ್ದವೆಲ್ಲ ಬಿಳಿ ಬಟ್ಟೆ, ಮೇಲೆ ಎರಡೇ ಕಣ್ಣು. ದೊಡ್ಡವ್ವ ಕಿರುಚಿದ್ದು ಸ್ಟೇಶನ್ನಿಗೆ ಕೇಳಿರಬೇಕು.

ಸಂಜೆಯೊಳಗೆ ಊರಿನಲ್ಲಿ ನಿನ್ನ ಹಾಗೆ ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರಿಗೆಲ್ಲ ಸುದ್ದಿ ಮುಟ್ಟಿತು, ಬಾಬಾಜಾನಗೆ ಗಾಳಿ ಸೋಂಕಿದೆ, ಅವನು ಹೊಲಿಸಿದ ಬಟ್ಟೆ ಮುಟ್ಟಬಾರದು ಎಂದು. ಆಗಲೇ ಭಾಯಿ ತಲೆ ಮೇಲೆ ಕೈ ಹೊತ್ತು ಎಲ್ಲ ಹೇಳಿದ. ಅವನ ಧಂದೆ ಮೂಗುಪಟ್ಟಿಯದು. ಹೊಲಿಸಿ ಅಂಗಡಿಗಳಿಗೆ ಕೊಡುವುದು, ವಾರಕ್ಕೊಮ್ಮೆ ಕುದಿಸಿ ಒಗೆದು ಮತ್ತೆ ಮುಟ್ಟಿಸುವುದು. ವಹಿಯಲ್ಲಿದ್ದದ್ದು ಮೂಗಿನಿಂದ ಗದ್ದದ ಅಳತೆ, ಅಂಗಡಿಯ ಕಟ್ಟೆಯಿಂದ ಕಣ್ಣಳತೆಯಲ್ಲೇ ಹಿಡಿದದ್ದು. ಹೊಗೆಯಲ್ಲಿ ಕುಂತಿದ್ದು ಎಷ್ಟು ಪದರಿಗೆ ಎಷ್ಟು ಹೊತ್ತು ತಡೆಯುತ್ತದೆ ಎಂದು ನೋಡಲು. ಯಾಕೆ ಈ ಹುಚ್ಚು ಎಂದರೆ, ಜನವರಿಯಲ್ಲಿ ಆ ಹೆಂಗಸರ ಹಾಜರಿ ಪುಸ್ತಕ ನಕಲು ಮಾಡುವಾಗ ಏನೋ ಕಣ್ಣಿಗೆ ಬಿದ್ದು, ಒಂಬತ್ತು ವರ್ಷದ ಹಳೆಯ ಪುಸ್ತಕಗಳನ್ನು ತೆಗೆದು ನೋಡಿದನಂತೆ. ದಿನವಿಡೀ ಘಾಟಿನಲ್ಲಿ ಕುಳಿತು ಕೆಮ್ಮುವ ಹೆಂಗಸರು ಮೊದಲ ವರ್ಷ ವಾರಕ್ಕೆ ಆರು ದಿನ ಬಂದಿದ್ದಾರೆ. ನಾಲ್ಕನೆಯ ವರ್ಷ ನಾಲ್ಕು. ಆರನೆಯ ವರ್ಷ ಹೆಸರೇ ಇಲ್ಲ, ಆ ಜಾಗದಲ್ಲಿ ಸೊಸೆಯ ಹೆಸರು. ಸಾಹುಕಾರರಿಗೆ ತೋರಿಸಿದರೆ, "ನಿನ್ನ ಕೂಡಸಾಕ ಕಳಿಯಾಕ ಇಟ್ಟೇನಿ, ಡಾಕ್ಟರಕಿ ಮಾಡಾಕಲ್ಲ" ಎಂದು ನಕ್ಕರಂತೆ. ಅಂದೇ ಪೆನ್ನು ಮುಚ್ಚಿ ಎದ್ದು ಬಂದ.

ಕೆಡಿಸಿದ್ದು ನಾನು, ಸರಿಪಡಿಸಬೇಕಾದದ್ದೂ ನಾನೇ. ದೊಡ್ಡವ್ವನ ಕಾಲು ಹಿಡಿದು, ಸುಳ್ಳು ಹೇಳಿದೆನೆಂದು ಒಪ್ಪಿ, ಅವಳ ಐದೂಕಾಲಿನ ಪಟ್ಟಿ ಕಟ್ಟಿ ಒಲೆಯ ಮುಂದೆ ಕೂಡಿಸಿದೆ. ಘಾಟು ಎದ್ದಿತು. ಅವಳಿಗೆ ಕೆಮ್ಮು ಬರಲಿಲ್ಲ. "ಅಯ್ಯ ಶಿವನ, ನನಗೂ ಹೊಕ್ಕತೇನ?" ಎಂದು ಹೆದರಿ ಪಟ್ಟಿ ಕಿತ್ತಳು, ಮರುಕ್ಷಣ ಮೂರು ಸೀನು. ಮತ್ತೆ ಕಟ್ಟಿಕೊಂಡಳು, ನಿಂತಿತು. ನಾಲ್ಕು ಸಲ ಹೀಗೆ ತಾನೇ ಪರೀಕ್ಷೆ ಮಾಡಿ ನಂಬಿದಳು. ಸಾಹುಕಾರರೂ ಅವಳ ಮಾತು ಕೇಳಿ, ಬರುವ ಸೋಮವಾರ ತಮ್ಮ ಅಂಗಳದ ನಲವತ್ತು ಮಂದಿಗೆ ಒಂದು ದಿನ ಕಟ್ಟಿ ನೋಡಲು ಒಪ್ಪಿದ್ದಾರೆ. ಅಂದು ಹೆಂಗಸರು ಒಲ್ಲೆವೆಂದರೆ ಭಾಯಿ ಮತ್ತೆ ಕುರ್ಚಿಗೆ ಬರಬೇಕೆಂದು ಅವರ ಕರಾರು. ಇವನೂ ಹೂಂ ಅಂದಿದ್ದಾನೆ. ಆದರೆ ಹೆಂಗಸರೆಲ್ಲರ ಪರವಾಗಿ ದೊಡ್ಡವ್ವ ಒಂದು ಮಾತು ಇಟ್ಟಿದ್ದಾಳೆ: "ಮೊದಲ ರಮಜಾನಬಿ ಕಟ್ಟಲಿ. ಹಡದಾಕಿನ ನಂಬದ ಮನೀ ಬಿಟ್ಟು ಹೋಗ್ಯಾಳ, ಇನ್ನ ನಾವು ಹೆಂಗ ನಂಬೂಣು?"

ವರದಿ ಇಲ್ಲಿಗೆ ಮುಗಿಯಿತು. ಆರೋಪಿ ನಿರ್ದೋಷಿ, ಅಡಿಗೆಮನೆಯ ಗೋಡೆ ಮಾತ್ರ ಕಪ್ಪಾಗಿದೆ. ಮಾಮಿಗೆ ಸಲಾಂ, ಜಾಹೀದಾಗೆ ಒಂದು ಚಿವುಟು. ಅಲ್ಲಾಹ್ ನಿನ್ನನ್ನು ಗಟ್ಟಿಯಾಗಿಡಲಿ, ನನ್ನ ನಾಲಿಗೆಯನ್ನು ಸ್ವಲ್ಪ ಗಿಡ್ಡ ಮಾಡಲಿ.

ನಿನ್ನ ಕಿಡಿಗೇಡಿ,
ಮುಮ್ತಾಜ

ತಾ. ಕ.: ಜಾಹೀದಾ, ಇಲ್ಲಿಂದ ಮುಂದಿಂದು ಮನ್ಯಾಗ ಯಾರೂ ಇಲ್ಲದಾಗ ಅಮ್ಮನ ಕಿವ್ಯಾಗ ಓದು. ಅಮ್ಮಾ, ಭಾಯಿ ನಕಲು ಮಾಡಿದ ಡಿಸೆಂಬರದ ಹಾಜರಿ ನಾನೂ ನೋಡೇನಿ. ರಮಜಾನಬಿ ಅನ್ನೋ ಹೆಸರಿನ ಮುಂದ ಹದಿನಾಲ್ಕು ದಿನ ಬರೇ ಅರ್ಧಾ ಅರ್ಧಾ. ಮಧ್ಯಾಹ್ನದ ಮ್ಯಾಲ ನೀ ಎಲ್ಲಿ ಇರತಿದ್ದಿ ಅಂತ ದೊಡ್ಡವ್ವ ನಿನ್ನೆ ಬಾಯಿ ಬಿಟ್ಟಳು. ಸ್ಟೇಶನ್ ಹಿಂದ ಬೇವಿನ ಗಿಡದ ಬುಡಕ ಕುಂತು, ಕೆಮ್ಮು ನಿಂತ ಮ್ಯಾಲ, ದಿನಾ ಪೂರಾ ದುಡದಾಕಿ ಹಂಗ ಮನೀಗೆ ಬರತಿದ್ದಿ. ಭಾಯಿ ಕಣ್ಣಿಗೆ ಮೊದಲ ಬಿದ್ದದ್ದು ಆ ಸಾಲು. ನೀ ಮುಚ್ಚಿಟ್ಟದ್ದನ್ನ ಬಿಚ್ಚಾಕ ಅವಗ ಮನಸು ಬರಲಿಲ್ಲ, ಅದಕ್ಕ ನಿನ್ನ ಮುಂದ ಕಳ್ಳ ಅನ್ನಿಸಿಕೊಂಡು ಸುಮ್ಮನ ನಿಂತಾನ. ನಾ ಬಿಚ್ಚೇನಿ, ಬಂದು ನನ್ನ ಬೈ. ನೀ ಐರಣಿಗೆ ಹೋಗಿದ್ದು ಬರೇ ಸಿಟ್ಟಿಗೋ, ರಾತ್ರಿ ಕೆಮ್ಮು ನಮಗ ಕೇಳಸಬಾರದಂತೋ, ಆ ಸಂಶಯ ನನ್ನ ಹಂತೇಕ ಇರಲಿ, ಕೇಳಂಗಿಲ್ಲ. ರವಿವಾರ ಸಂಜೀ ಬಸ್ಸಿಗೆ ಬಾ. ಬಂದ ಮ್ಯಾಲ ಕೆಮ್ಮು ಬಂದರ ತಡಕೋಬ್ಯಾಡ ಅಮ್ಮಾ, ನಮ್ಮ ಮುಂದ ಕೆಮ್ಮು.